ಫ್ರೆಟ್‌ಗಳ ಅಳತೆ: ಮೊದಲ ಪಟ್ಟಿಯನ್ನು ಕೆಡಿಸಿದ ಮೇಲೆ ಅರ್ಥವಾದದ್ದು

ತುಮಕೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರೊಂದನ್ನು ಕಟ್ಟಲು ಕುಳಿತಾಗ, ಕಷ್ಟವೆಲ್ಲ ಮರ ಕೊಯ್ಯುವುದರಲ್ಲಿದೆ ಎಂದುಕೊಂಡಿದ್ದೆ. ವೀಣೆಗೆ ಒಗ್ಗುವ ಮರ ಗಿಟಾರಿಗೂ ಒಗ್ಗೀತೆಂದು ಅದರ ಒಡಲಿಗೆ ಹಲಸಿನ ಹಲಗೆಯನ್ನು ಆರಿಸಿದ್ದೆ. ಪಕ್ಕದ ಬೀದಿಯ ಆಚಾರ್ರು ಉಳಿ ಹಿಡಿಯುವುದನ್ನು ತೋರಿಸಿಕೊಟ್ಟ ಮೇಲೆ ಆ ಕೆಲಸ ಎರಡು ಭಾನುವಾರಗಳಲ್ಲಿ ಮುಗಿಯಿತು. ಕೆಟ್ಟದ್ದು ಫಿಂಗರ್‌ಬೋರ್ಡ್, ಅಂದರೆ ತಂತಿಗಳ ಕೆಳಗೆ ವೀಣೆಯ ಮೆಟ್ಟಿಲುಗಳಂಥ ಲೋಹದ ಫ್ರೆಟ್‌ಗಳನ್ನು ಕೂರಿಸುವ ಮರದ ಪಟ್ಟಿ. ಅಜ್ಜಿಯ ಕಾಲದ ಮಂಚದಿಂದ ಬಿಚ್ಚಿದ ಬೀಟೆಯ ಎರಡು ಪಟ್ಟಿಗಳಲ್ಲಿ ಒಂದು ಈಗ ಒಲೆಯ ಪಾಲಾಗಿದೆ. ಎರಡನೆಯದನ್ನು ಕೊಯ್ಯುವ ಮೊದಲು ಲೆಕ್ಕವನ್ನು ನನಗೇ ಮತ್ತೊಮ್ಮೆ ಹೇಳಿಕೊಳ್ಳಲು ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಲೆಕ್ಕದ ಬುಡ

ನಟ್‌ನಿಂದ ಸ್ಯಾಡಲ್‌ವರೆಗಿನ ತಂತಿಯ ಉದ್ದಕ್ಕೆ ಸ್ಕೇಲ್ ಎನ್ನುತ್ತಾರೆ. ನಟ್ ಎಂದರೆ ಗಿಟಾರಿನ ತಲೆಯ ಕಡೆ ತಂತಿ ಒರಗುವ ತುಂಡು, ಸ್ಯಾಡಲ್ ಎಂದರೆ ಒಡಲಿನ ಮೇಲೆ ಅದು ಒರಗುವ ತುಂಡು. ನಾನು 650 ಮಿ.ಮೀ. ಇಟ್ಟುಕೊಂಡಿದ್ದೇನೆ. ಒಂದು ಸ್ಥಾಯಿಯಲ್ಲಿ 12 ಸಮಾನ ಅಂತರಗಳಿವೆ. ಸ್ಥಾಯಿ ಏರಿದಾಗ ಕಂಪನ ಎರಡು ಪಟ್ಟಾಗುತ್ತದೆ. ಆದ್ದರಿಂದ ಪ್ರತಿ ಫ್ರೆಟ್ಟಿಗೂ ಕಂಪನ 1.05946 ಪಟ್ಟು ಏರಬೇಕು, ಏಕೆಂದರೆ 1ನ್ನು ಆ ಸಂಖ್ಯೆಯಿಂದ ಹನ್ನೆರಡು ಬಾರಿ ಗುಣಿಸಿದರೆ 2 ಬರುತ್ತದೆ. ಕಂಪನ ಎಷ್ಟು ಪಟ್ಟು ಏರಬೇಕೋ ಉದ್ದವನ್ನು ಅಷ್ಟರಿಂದಲೇ ಭಾಗಿಸಿ ಕುಗ್ಗಿಸಬೇಕಾದ್ದರಿಂದ, ಇದನ್ನು ಉದ್ದಕ್ಕೆ ಅನ್ವಯಿಸಿದಾಗ ಸಿಗುವ ಭಾಜಕ 17.817. ಸ್ಕೇಲನ್ನು ಇದರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ದೂರ ಸಿಗುತ್ತದೆ: 650 ÷ 17.817 = 36.48 ಮಿ.ಮೀ.

ನಾನು ಎಡವಿದ್ದು ಇಲ್ಲಿ

ಎರಡನೆಯ ಫ್ರೆಟ್ಟಿಗೆ ಏನನ್ನು ಭಾಗಿಸಬೇಕು? ಅಂತರಗಳು ಸಮಾನವೆಂದ ಮೇಲೆ ಪ್ರತಿ ಫ್ರೆಟ್ಟಿಗೂ 36.48 ತಾನೇ ಎಂದು ನನ್ನ ತಲೆ ಹಟ ಹಿಡಿಯಿತು. ಹಾಗೆ 12 ಬಾರಿ ಇಟ್ಟರೆ ಸುಮಾರು 438 ಮಿ.ಮೀ. ಆಗುತ್ತದೆ; ಹನ್ನೆರಡನೆಯದು ಇರಬೇಕಾದದ್ದು ತಂತಿಯ ನಟ್ಟನಡುವೆ, ಅಂದರೆ 325ರಲ್ಲಿ. ಸಮಾನವಾಗಿರುವುದು ಕಿವಿಗೆ ಕೇಳುವ ಅಂತರ, ಕಣ್ಣಿಗೆ ಕಾಣುವ ಅಂತರವಲ್ಲ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಮಾತು ನನಗೆ ಈ ಗಂಟನ್ನು ಬಿಡಿಸಲಿಲ್ಲ.

ಬಿಡಿಸಿದ್ದು ತಂತಿಯ ಮೇಲೆ ಇಟ್ಟ ಬೆರಳು. ಮೊದಲ ಫ್ರೆಟ್ಟನ್ನು ಒತ್ತಿ ಹಿಡಿದಾಗ ಅದರ ಹಿಂದಿನ ತಂತಿ ಲೆಕ್ಕಕ್ಕಿಲ್ಲ; ಮಿಡಿಯುವುದು ಫ್ರೆಟ್ಟಿನಿಂದ ಸ್ಯಾಡಲ್‌ವರೆಗಿನ ತುಂಡು ಮಾತ್ರ. ಆ ಕ್ಷಣಕ್ಕೆ ಮೊದಲ ಫ್ರೆಟ್ಟೇ ನಟ್ ಆಗಿರುತ್ತದೆ, ಗಿಟಾರು 613.52 ಮಿ.ಮೀ. ಸ್ಕೇಲಿನ ಇನ್ನೊಂದು ಗಿಟಾರಾಗಿರುತ್ತದೆ. ಆ ಚಿಕ್ಕ ಗಿಟಾರಿಗೆ ಮೊದಲ ಫ್ರೆಟ್ ಎಲ್ಲಿ ಬರಬೇಕು? 613.52 ÷ 17.817 = 34.43. ನಮಗೆ ಬೇಕಾದ ಎರಡನೆಯ ಫ್ರೆಟ್ ಅದೇ. ಅದನ್ನೂ ಕಳೆದರೆ ಉಳಿಯುವುದು 579.08, ಅದನ್ನು ಭಾಗಿಸಿದರೆ 32.50. ಹೀಗೆ ಪ್ರತಿ ಸಲವೂ ಕಳೆದು, ಉಳಿದದ್ದನ್ನು ಭಾಗಿಸಬೇಕು. ಕಳೆಯದೆ ಭಾಗಿಸಿದರೆ ಎಷ್ಟು ದಶಾಂಶ ಸ್ಥಾನ ಬರೆದರೂ ಪ್ರಯೋಜನವಿಲ್ಲ.

ಹಳೆಯ ಕಾಲದವರು 17.817ರ ಬದಲು 18 ಬಳಸುತ್ತಿದ್ದರು. ಖಗೋಳಶಾಸ್ತ್ರಜ್ಞ ಗೆಲಿಲಿಯೋನ ತಂದೆ ವಿನ್ಸೆಂಝೋ ಗೆಲಿಲಿ 1581ರಲ್ಲಿ ಲ್ಯೂಟ್ ವಾದ್ಯಕ್ಕೆ ಇದನ್ನೇ ಸೂಚಿಸಿದ್ದ. ಬಾಯಿಲೆಕ್ಕಕ್ಕೆ ಅನುಕೂಲವೇನೋ ನಿಜ, ಆದರೆ ನನ್ನ ಸ್ಕೇಲಿನಲ್ಲಿ ಹನ್ನೆರಡನೆಯ ಫ್ರೆಟ್ 322.6ಕ್ಕೇ ನಿಂತುಬಿಡುತ್ತದೆ.

ಎಲ್ಲವನ್ನೂ ನಟ್‌ನಿಂದಲೇ ಅಳೆಯಬೇಕು

ಮೊದಲ ಪಟ್ಟಿಯಲ್ಲಿ ಲೆಕ್ಕ ಸರಿಯಿದ್ದೂ ಕೆಲಸ ಕೆಟ್ಟಿತು. ನಾನು ಒಂದು ಗೆರೆಯಿಂದ ಮುಂದಿನ ಗೆರೆಗೆ ಅಳೆಯುತ್ತಾ ಹೋಗಿದ್ದೆ, ಮತ್ತು ಪ್ರತಿ ಸಲವೂ ಅರ್ಧ ಮಿ.ಮೀ. ದಪ್ಪದ ಪೆನ್ಸಿಲ್ ಗೆರೆಯ ಆಚೆಯ ಅಂಚಿನಲ್ಲಿ ಸ್ಕೇಲುಪಟ್ಟಿಯನ್ನು ಇಟ್ಟಿದ್ದೆ. ಹನ್ನೆರಡು ಅರ್ಧಗಳು ಸೇರಿ 6 ಮಿ.ಮೀ. ಆಗಿ, 325 ಇರಬೇಕಾದದ್ದು 331ಕ್ಕೆ ಬಂದಿತ್ತು. ಒಂದು ಅರ್ಧಸ್ವರವನ್ನು, ಅಂದರೆ ಒಂದು ಫ್ರೆಟ್ಟಿನ ಶ್ರುತಿಯ ಅಂತರವನ್ನು, 100 ಸೆಂಟ್ ಎಂದುಕೊಂಡರೆ ಇದು 32 ಸೆಂಟ್ ತಪ್ಪು, ಸಂಗೀತ ಕಲಿಯದವರಿಗೂ ಅಪಶ್ರುತಿ ಎನಿಸುವಷ್ಟು. ಇದಕ್ಕೂ ಮೊದಲು ನಾನು ಬೆಸುಗೆ ಹಾಕಿ ಮಾಡಿಕೊಂಡಿದ್ದ, ಗಿಟಾರಿನ ದನಿಯನ್ನು ಒರಟಾಗಿಸುವ ಫಜ್ ಪೆಡಲ್ ಇಂಥ ತಪ್ಪನ್ನು ಮುಚ್ಚೀತೆಂಬ ಆಸೆಯೂ ಬೇಡ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಅದು ತಪ್ಪನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಆದ್ದರಿಂದ ಈಗ ಸ್ಕೇಲುಪಟ್ಟಿಯನ್ನು ಕದಲಿಸದೆ, ನಟ್‌ನ ಅಂಚಿನಿಂದ ಎಲ್ಲ ದೂರಗಳನ್ನೂ ಒಂದೇ ಉಸಿರಿಗೆ ಗುರುತಿಸುತ್ತೇನೆ, ಪೆನ್ಸಿಲ್ಲಿನ ಬದಲು ಬ್ಲೇಡಿನ ತುದಿಯಿಂದ: 36.48, 70.92, 103.42, 134.10, 163.05, 190.38, 216.18. ಆಗ ಒಂದು ಗೆರೆಯ ತಪ್ಪು ಆ ಗೆರೆಯಲ್ಲೇ ಉಳಿಯುತ್ತದೆ. ಅದೇ ಅರ್ಧ ಮಿ.ಮೀ. ಮೊದಲ ಫ್ರೆಟ್ಟಿನಲ್ಲಿ ಒಂದೂವರೆ ಸೆಂಟ್‌ಗಿಂತ ಕಡಿಮೆ, ಇಪ್ಪತ್ತನೆಯದರಲ್ಲಿ ನಾಲ್ಕಕ್ಕೂ ಹೆಚ್ಚು. ಹಾಗಾಗಿ ಕೈ ದಣಿಯುವ ಮೊದಲೇ ಮೇಲಿನ ಫ್ರೆಟ್‌ಗಳನ್ನು ಗುರುತಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ನನ್ನ ಮೆಚ್ಚಿನ ಉಪಾಯಗಳು

ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 650ನ್ನು 0.943874ರಿಂದ ಗುಣಿಸಿದರೆ ಉಳಿದ ಉದ್ದ ನೇರವಾಗಿ ಬರುತ್ತದೆ. ಮತ್ತೆ ಮತ್ತೆ ಗುಣಿಸುತ್ತಾ ಹೋಗಿ, ಪ್ರತಿ ಉತ್ತರವನ್ನೂ 650ರಿಂದ ಕಳೆದರೆ ನಟ್‌ನಿಂದ ದೂರ ಸಿಗುತ್ತದೆ. ಹದಿಮೂರರಿಂದ ಮುಂದೆ ಅದೂ ಬೇಡ. ಹನ್ನೆರಡನೆಯ ಫ್ರೆಟ್ಟಿನ ನಂತರ ಗಿಟಾರು ಅರ್ಧ ಅಳತೆಯಲ್ಲಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಆದ್ದರಿಂದ 36.48ರ ಅರ್ಧವಾದ 18.24ನ್ನು 325ಕ್ಕೆ ಸೇರಿಸಿದರೆ ಹದಿಮೂರನೆಯದು.

ತಾಳೆ ನೋಡಲು ಏಳನೆಯ ಫ್ರೆಟ್ ನಂಬಿಕಸ್ಥ ಸಾಕ್ಷಿ. ಅದು ಒತ್ತದೆ ಬಿಟ್ಟ ತಂತಿಯ ಪಂಚಮ. ತಂತಿಯ ಮೂರನೇ ಒಂದರ, ಅಂದರೆ 216.67ರ, ತೀರಾ ಸಮೀಪದಲ್ಲಿರಬೇಕು. ಐದನೆಯದು ಮಧ್ಯಮ, ನಾಲ್ಕನೇ ಒಂದಾದ 162.5ರ ಹತ್ತಿರ. ಆ ಅರ್ಧ ಮಿ.ಮೀ. ವ್ಯತ್ಯಾಸ ನಮ್ಮ ತಪ್ಪಲ್ಲ, ಸಮಾನ ಹಂಚಿಕೆಯ ಬೆಲೆ. ವೀಣೆ ಮಾಡುವವರು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ ಕಿವಿಯಿಂದ ಸರಿಪಡಿಸುತ್ತಾರೆ. ನಮ್ಮದು ಮರದಲ್ಲಿ ಕೊಯ್ದ ಸೀಳು, ಆಮೇಲೆ ಸರಿಸುವಂತಿಲ್ಲ.

ಕೊಯ್ಯುವಾಗ

ಸೀಳು ಸುಮಾರು 0.6 ಮಿ.ಮೀ. ಅಗಲವಿದ್ದರೆ ಸಾಕು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಅದಕ್ಕಿಂತ ಅಗಲವಾಗಿ ಕೊಯ್ಯುವುದರಿಂದ ಫ್ರೆಟ್ ತಂತಿ ಸಡಿಲವಾಗಿ ಕೂರುತ್ತದೆ.

ಸ್ಯಾಡಲನ್ನು ಮಾತ್ರ ಸರಿಯಾಗಿ 650ಕ್ಕೆ ಕೂರಿಸಬಾರದು. ಒತ್ತಿದಾಗ ತಂತಿ ಬಿಗಿಯಾಗಿ ಶ್ರುತಿ ಏರುವುದರಿಂದ ಅದನ್ನು ತುಸು ಹಿಂದಕ್ಕೆ, ಅಂದರೆ ನಟ್‌ನಿಂದ ಇನ್ನಷ್ಟು ದೂರಕ್ಕೆ, ಇಡಬೇಕು, ದಪ್ಪ ತಂತಿಗೆ ಇನ್ನೂ ಹೆಚ್ಚು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಬರಿದೆ ಮುಟ್ಟಿ ಮೀಟಿದ ಸ್ವರಕ್ಕೂ ಅಲ್ಲೇ ಒತ್ತಿ ಮೀಟಿದ ಸ್ವರಕ್ಕೂ ಟ್ಯೂನರಿನಲ್ಲಿ ವ್ಯತ್ಯಾಸ ಕಾಣದಂತಾಗುವವರೆಗೆ ಸ್ಯಾಡಲಿನ ಸ್ಕ್ರೂ ತಿರುಗಿಸಬೇಕು: ಒತ್ತಿದ್ದು ಏರಿದ್ದರೆ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.