ಅಮ್ಮನ ಉತ್ತರಕ್ಕೆ ತಕ್ಕ ಸಂಬಳ

ಮೆಡಿಕಲ್ ಶಾಪಿನ ಕೌಂಟರ್ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಒಂದೇ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಗೊತ್ತಾಯ್ತಲ್ಲ?" ಉತ್ತರವೂ ಒಂದೇ: "ಹ್ಞೂಂ ಸಾರ್, ಗೊತ್ತಾಯ್ತು." ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಗೊತ್ತಾಗಲಿಲ್ಲ ಅನ್ನೋಕೆ ಯಾರಿಗೆ ಮನಸ್ಸು ಬರುತ್ತದೆ? ಕವರಿನ ಮೇಲೆ ಪೆನ್ನಿನಲ್ಲಿ ಗೀಚಿದ 1-0-1 ನೋಡಿ ತಲೆಯಾಡಿಸಿ ಹೊರಡುತ್ತೇವೆ.

ಹೀಗೆ ತಲೆಯಾಡಿಸುವುದರಲ್ಲಿ ಎಷ್ಟು ನಿಜ ಇದೆ ಅನ್ನುವುದನ್ನು ಅಮೆರಿಕದ ಸಂಶೋಧಕರು ಅಳೆದು ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 395 ರೋಗಿಗಳಿದ್ದರು. ಅವರ ಕೈಗೆ ಔಷಧಿ ಬಾಟಲಿ ಕೊಟ್ಟರು. ಒಂದರ ಲೇಬಲ್ ಮೇಲೆ ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ಮಾತ್ರೆ ಎಂದಿತ್ತು. ಓದು ಕಡಿಮೆ ಬಲ್ಲವರಲ್ಲೂ ನೂರಕ್ಕೆ 71 ಜನ ಅದನ್ನು ಸರಿಯಾಗಿಯೇ ಹೇಳಿದರು. ಆಮೇಲೆ "ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತೀರಿ, ಎಣಿಸಿ ತೋರಿಸಿ" ಎಂದರು. ನಾಲ್ಕು ಮಾತ್ರೆ ಎಣಿಸಿ ತೋರಿಸಿದವರು ನೂರಕ್ಕೆ 35 ಮಾತ್ರ. ಬಾಯಿಗೆ ಬಂದದ್ದು ಕೈಗೆ ಬರಲಿಲ್ಲ. ಇಲ್ಲಿ ರೋಗಿಯನ್ನು ದಡ್ಡ ಅಂದುಬಿಡುವುದು ಸುಲಭ. ನನಗೇನೋ ಆ ಲೇಬಲ್ ಬರೆದವರ ಮೇಲೇ ಅನುಮಾನ. "ಬೆಳಗ್ಗೆ 2, ರಾತ್ರಿ 2" ಅಂತ ಬರೆಯೋಕೆ ಏನು ಕಷ್ಟ?

ಹೇಳಿದ್ದು ತಲುಪಿತೇ ಇಲ್ಲವೇ ಅನ್ನುವುದನ್ನು ಹೇಳಿದವರ ಹೊಣೆ ಮಾಡಿದರೆ ಏನಾಗುತ್ತದೆ? ಇದನ್ನು ಅತಿ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದು ಯಾವ ಶ್ರೀಮಂತ ದೇಶವೂ ಅಲ್ಲ, ಬಾಂಗ್ಲಾದೇಶ.

1970ರ ದಶಕದಲ್ಲಿ ಅಲ್ಲಿ ಭೇದಿಯಿಂದ ಸಾಯುತ್ತಿದ್ದ ಮಕ್ಕಳಿಗೆ ಲೆಕ್ಕವಿಲ್ಲ. ಮದ್ದು ಮಾತ್ರ ಆಗಲೇ ಗೊತ್ತಿತ್ತು. ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೋಡಿಯಾಗಿ ಬಂದರೆ ಮಾತ್ರ ತೆರೆದುಕೊಳ್ಳುವ ಬಾಗಿಲುಗಳಿವೆ. ಅವು ಒಳಗೆ ಹೋದರೆ ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಎಷ್ಟೇ ಜೋರು ಭೇದಿಯಿದ್ದರೂ ಈ ಬಾಗಿಲುಗಳು ಸಾಮಾನ್ಯವಾಗಿ ಕೆಲಸ ನಿಲ್ಲಿಸುವುದಿಲ್ಲ. ಅದಕ್ಕೇ ಬರೀ ನೀರು ಕುಡಿಸಿದರೆ ಸುಧಾರಿಸದ ಮಗು, ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿದು ಚೇತರಿಸಿಕೊಳ್ಳುತ್ತದೆ. 1971ರ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಈ ನೀರನ್ನೇ ಬೆರೆಸಿ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇಷ್ಟಾದರೂ ಹಳ್ಳಿಯ ಮನೆಗಳಿಗೆ ಇದು ಹೋಗಲೇ ಇಲ್ಲ. ಫಜ್ಲೆ ಹಸನ್ ಅಬೇದ್ ಕಟ್ಟಿದ ಬ್ರಾಕ್ ಸಂಸ್ಥೆ 1980ರಲ್ಲಿ ಮನೆ ಮನೆಗೆ ಹೋಗಿ ಕಲಿಸಲು ಹೊರಟಿತು. ಪ್ಯಾಕೆಟ್ ಹಂಚಲಿಲ್ಲ. ಎಲ್ಲರ ಅಡುಗೆಮನೆಯಲ್ಲೂ ಇರುವ ಉಪ್ಪು, ಬೆಲ್ಲವನ್ನೇ ಹಿಡಿದರು. ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಚಿಟಿಕೆ ಅಂದರೆ ಎಷ್ಟು ಅನ್ನುವುದಕ್ಕೂ ಗುರುತಿತ್ತು: ತೋರುಬೆರಳಿನ ಮೊದಲ ಗೆರೆಯವರೆಗೆ. ಉಪ್ಪು ಜಾಸ್ತಿಯಾದರೆ ಈ ನೀರು ಮಗುವಿನ ಜೀವಕ್ಕೇ ಅಪಾಯ, ಹಾಗಾಗಿ ಸುಮ್ನೆ ಅಂದಾಜಿನ ಮೇಲೆ ಬಿಡುವಂತಿರಲಿಲ್ಲ. ಅರ್ಧ ಸೇರಿನ ಅಳತೆಗೆ ಆ ಮನೆಯದೇ ಪಾತ್ರೆಯಲ್ಲಿ ಗುರುತು ಹಾಕಿಕೊಡುತ್ತಿದ್ದರು. ನೆನಪಿಡಬೇಕಾದ ಮಾತುಗಳು ಒಟ್ಟು ಹತ್ತು. ಕೊನೆಗೆ ಅಮ್ಮನೇ ತನ್ನ ಕೈಯಾರೆ ಬೆರೆಸಿ ತೋರಿಸಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಬಳದ ಲೆಕ್ಕ. ಕಲಿಸಿ ಬಂದ ಸುಮಾರು ಒಂದು ತಿಂಗಳ ಮೇಲೆ ಬೇರೊಬ್ಬರು ಹೋಗಿ, ಅಲ್ಲೊಂದು ಇಲ್ಲೊಂದು ಮನೆ ಆರಿಸಿಕೊಂಡು, ಆ ತಾಯಿಯನ್ನು ಮಾತಾಡಿಸುತ್ತಿದ್ದರು. ಹತ್ತರಲ್ಲಿ ಎಷ್ಟು ನೆನಪಿದೆ? ನೀರು ಬೆರೆಸೋದು ಹೇಗೆ, ಮಾಡಿ ತೋರಿಸಿ ನೋಡೋಣ. ಅಮ್ಮನ ಉತ್ತರಕ್ಕೆ ತಕ್ಕಂತೆ ಕಲಿಸಿದವಳಿಗೆ ದುಡ್ಡು. ಎಷ್ಟು ಮನೆ ಸುತ್ತಿದಳು ಅನ್ನುವುದು ಲೆಕ್ಕಕ್ಕಿಲ್ಲ. ಪರೀಕ್ಷೆ ಬರೆದದ್ದು ತಾಯಿ, ಪಾಸು ಫೇಲು ಆಗಿದ್ದು ಕಲಿಸಿದವಳು!

ಅಂಕಗಳೇನೋ ಚೆನ್ನಾಗಿಯೇ ಬಂದವು. ಆದರೆ ಮಗುವಿಗೆ ನಿಜವಾಗಿ ಭೇದಿಯಾದಾಗ ಈ ನೀರು ಕೊಟ್ಟವರು ಎಷ್ಟು ಎಂದು ನೋಡಿದರೆ ತೀರಾ ಕಡಿಮೆ. ಯಾಕೆ? ವಿಚಾರಿಸಿದಾಗ ಮೂರು ವಿಷಯ ಹೊರಬಿತ್ತು. ಆ ತಾಯಂದಿರ ಲೆಕ್ಕದಲ್ಲಿ ಭೇದಿ ಒಂದಲ್ಲ, ನಾಲ್ಕು ಬಗೆ: ಹಾಲು ಕುಡಿಯುವ ಕೂಸಿನದು, ಅಜೀರ್ಣದ್ದು, ಆಮಶಂಕೆ, ಕಾಲರಾದಂಥ ನೀರು ಭೇದಿ. ಬ್ರಾಕ್‌ನವರು ಹೇಳಿಕೊಟ್ಟ ಮದ್ದು ಕೊನೆಯದಕ್ಕೆ ಮಾತ್ರ ಎಂದು ಅವರು ತಿಳಿದಿದ್ದರು. ಅವರು ತಿಳಿದದ್ದರಲ್ಲಿ ತಪ್ಪೇನಿಲ್ಲ, ಹೇಳಿದವರೇ ಬಿಡಿಸಿ ಹೇಳಿರಲಿಲ್ಲ. ಎರಡನೆಯದು, ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಮೂರನೆಯದು ಸ್ವಲ್ಪ ನಗು ತರಿಸುವಂಥದ್ದು: ಕಲಿಸುವವರಲ್ಲೇ ಹಲವರಿಗೆ ಇದರ ಮೇಲೆ ನಂಬಿಕೆಯಿರಲಿಲ್ಲ. ತಮಗೇ ಹೊಟ್ಟೆ ಕೆಟ್ಟರೆ ಅವರು ಮಾತ್ರೆ ನುಂಗುತ್ತಿದ್ದರು. ಅದು ಎದುರಿಗಿರುವವರಿಗೆ ಗೊತ್ತಾಗದೇ ಇರುತ್ತಾ? ಆಮೇಲೆ ಕಲಿಸುವವರನ್ನು ಭೇದಿ ರೋಗಿಗಳಿರುವ ಆಸ್ಪತ್ರೆಗೆ ಕರೆದೊಯ್ದು ಕಣ್ಣಾರೆ ತೋರಿಸಿದರು. ಗಂಡಸರನ್ನು ಸಂತೆಯಲ್ಲಿ, ಮಸೀದಿಯಲ್ಲಿ ಸೇರಿಸಿ ಮಾತಾಡಿದರು. ನಾಲ್ಕೂ ಬಗೆಯ ಭೇದಿಯ ಹೆಸರು ಹಿಡಿದು ಹೇಳತೊಡಗಿದರು. 1990ರ ಹೊತ್ತಿಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆ ಮುಟ್ಟಿದ್ದರು. ಭೇದಿಯಾದ ಮಕ್ಕಳಿಗೆ ಈ ನೀರು ಕುಡಿಸುವುದರಲ್ಲಿ ಬಾಂಗ್ಲಾದೇಶ ಇವತ್ತು ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು.

ಆಸ್ಪತ್ರೆಗಳಲ್ಲಿ ಇದರ ಚಿಕ್ಕ ರೂಪ ಹೀಗಿರುತ್ತದೆ. ಡಾಕ್ಟರು "ಅರ್ಥ ಆಯ್ತಾ" ಎನ್ನುವ ಬದಲು "ನಾನು ಸರಿಯಾಗಿ ಹೇಳಿದೆನಾ ಇಲ್ವಾ ನೋಡ್ಬೇಕು. ಮನೆಗೆ ಹೋದ ಮೇಲೆ ಈ ಇನ್ಸುಲಿನ್ ಹೇಗೆ ತಗೋತೀರಿ, ಒಂದ್ಸಲ ಹೇಳಿ" ಎನ್ನುತ್ತಾರೆ. ಹೊಣೆ ಹೇಳಿದವರ ಮೇಲೆಯೇ ಉಳಿಯುತ್ತದೆ, ರೋಗಿಗೆ ಪರೀಕ್ಷೆ ಅನ್ನಿಸುವುದಿಲ್ಲ. 2003ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಕ್ಕರೆ ಕಾಯಿಲೆಯವರ ಭೇಟಿಗಳನ್ನು ಗಮನಿಸಿದಾಗ, ಡಾಕ್ಟರುಗಳು ಹೊಸದಾಗಿ ಹೇಳಿದ ವಿಷಯಗಳಲ್ಲಿ ಹೀಗೆ ಮರಳಿ ಕೇಳಿ ನೋಡಿದ್ದು ನೂರಕ್ಕೆ 12ನ್ನು ಮಾತ್ರ. ಡಾಕ್ಟರು ಹಾಗೆ ಮರಳಿ ಕೇಳಿದ ರೋಗಿಗಳ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. ಭೇಟಿಗೆ ಜಾಸ್ತಿ ಹೊತ್ತೂ ಹಿಡಿದಿರಲಿಲ್ಲ.

ನಮ್ಮಲ್ಲಿ ಇದೆಲ್ಲ ಆಗುವ ಮಾತಾ ಅಂತ ಕೇಳಬಹುದು. ಹಲವು ದೇಶಗಳ ಲೆಕ್ಕ ಒಟ್ಟುಮಾಡಿದ 2017ರ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಒಬ್ಬ ರೋಗಿಗೆ ಡಾಕ್ಟರು ಕೊಡುವ ಸಮಯ ಸುಮಾರು 2 ನಿಮಿಷ. ಅಷ್ಟರಲ್ಲಿ ಏನು ಕೇಳೋದು, ಏನು ಹೇಳೋದು? ಆದ್ದರಿಂದ ಈ ಕೆಲಸ ಡಾಕ್ಟರಿಗಿಂತ ನರ್ಸ್, ಮೆಡಿಕಲ್ ಶಾಪಿನವರು, ಆಶಾ ಕಾರ್ಯಕರ್ತೆಯರ ಕೈಯಲ್ಲೇ ಹೆಚ್ಚು ಚೆನ್ನಾಗಿ ಆದೀತು ಅನ್ನಿಸುತ್ತದೆ.

ಭೇದಿಗೆ ಕುಡಿಸುವ ಅದೇ ಉಪ್ಪು ಸಕ್ಕರೆ ನೀರಿನ ಪುಡಿ, ಅಂದರೆ ಓಆರ್‌ಎಸ್ ಪ್ಯಾಕೆಟ್ಟನ್ನೇ ತಗೊಳ್ಳಿ. ದೊಡ್ಡ ಪ್ಯಾಕೆಟ್ ಇರುವುದು 1 ಲೀಟರ್ ನೀರಿಗೆ, ಇಡೀ ಪುಡಿ ಒಂದೇ ಸಲ ಸುರಿಯಬೇಕು. ಅದನ್ನೇ ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗುತ್ತದೆ, ಲೋಟಕ್ಕೊಂದು ಚಮಚದಂತೆ ಹಾಕಿದರೆ ಅಳತೆಯೇ ಕೈತಪ್ಪುತ್ತದೆ. 200 ಮಿಲಿಲೀಟರಿನ ಚಿಕ್ಕ ಪ್ಯಾಕೆಟ್ಟೂ ಸಿಗುವುದರಿಂದ ಗೊಂದಲ ಇನ್ನೂ ಜಾಸ್ತಿ. ಸಾಲದ್ದಕ್ಕೆ ಓಆರ್‌ಎಸ್ ಎಂಬ ಹೆಸರಿಟ್ಟುಕೊಂಡ ಸಿಹಿ ಪಾನೀಯಗಳು ಅಂಗಡಿಗಳಲ್ಲಿ ಬಹಳ ಕಾಲ ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಜೊತೆಗೆ ಕೊಡುವ ಝಿಂಕ್ ಮಾತ್ರೆಯದು ಇನ್ನೊಂದು ಕತೆ. ಅದು 14 ದಿನ. ಮೂರನೇ ದಿನ ಭೇದಿ ನಿಂತ ಕೂಡಲೇ ಮಾತ್ರೆಯೂ ನಿಲ್ಲುತ್ತದೆ, ಯಾಕೆಂದರೆ ನಿಂತ ಮೇಲೂ ಯಾಕೆ ಕೊಡಬೇಕು ಅಂತ ಯಾರೂ ಹೇಳಿರುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ 61ಕ್ಕೆ. ಉಳಿದವರ ಮನೆಗೆ ಅದನ್ನು ಮುಟ್ಟಿಸಲೆಂದೇ ಸರ್ಕಾರದ ಭೇದಿ ನಿಯಂತ್ರಣ ಕಾರ್ಯಕ್ರಮವಿದೆ. ಚಿಕ್ಕ ಮಕ್ಕಳಿರುವ ಮನೆಗೆ ಓಆರ್‌ಎಸ್ ತಲುಪಿಸುವ ಆಶಾ ಕಾರ್ಯಕರ್ತೆಗೆ ಅದರಲ್ಲಿ ಗೊತ್ತುಮಾಡಿದ ಪ್ರೋತ್ಸಾಹಧನ ಪ್ಯಾಕೆಟ್ಟಿಗೆ 1 ರೂಪಾಯಿ. ಅದು ಕೊಟ್ಟು ಬಂದದ್ದಕ್ಕೆ. ತಾಯಿ ಅದನ್ನು ಸರಿಯಾಗಿ ಬೆರೆಸಿದಳಾ ಎಂದು ನೋಡಿ ಬಂದದ್ದಕ್ಕೆ ಬೇರೆ ದುಡ್ಡಿಲ್ಲ.