ನಿನ್ನೆಯ ಒಂಟಿತನ, ಇವತ್ತು ಬೆಳಗಿನ ಕಾರ್ಟಿಸಾಲ್

ಕಾರ್ಟಿಸಾಲ್ ಒತ್ತಡದ ಹೊತ್ತಿನಲ್ಲಿ ಹೆಚ್ಚುವ ಹಾರ್ಮೋನು. ಹಾಗಂತ 'ಕೆಟ್ಟ ಹಾರ್ಮೋನು' ಅಂತ ಬರೆದುಕೊಳ್ಳಬೇಡಿ. ದಿನ ಶುರುಮಾಡಲು ದೇಹಕ್ಕೆ ಅದು ಬೇಕೇ ಬೇಕು. ಮಿದುಳಿನ ಹೈಪೋಥಲಾಮಸ್ ಅನ್ನುವ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕಳಿಸುತ್ತದೆ, ಪಿಟ್ಯುಟರಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ. ಅಲ್ಲಿಂದ ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತದೆ.

ಅದಕ್ಕೊಂದು ದಿನಚರಿ ಇದೆ. ಎದ್ದ ಮೇಲೆ ಸುಮಾರು 30ರಿಂದ 45 ನಿಮಿಷದೊಳಗೆ ತುದಿ ಮುಟ್ಟುತ್ತದೆ. ಆಮೇಲೆ ಇಳಿಯುತ್ತಾ ಹೋಗಿ ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ವಯಸ್ಸಾದಂತೆ ರಾತ್ರಿಯ ಮಟ್ಟ ಮೊದಲಿನಷ್ಟು ಕೆಳಗೆ ಇಳಿಯುವುದಿಲ್ಲ. 'ಸಾಕು, ನಿಲ್ಲಿಸು' ಅಂತ ಹೇಳುವುದರಲ್ಲಿ ಮಿದುಳಿನ ಹಿಪ್ಪೊಕ್ಯಾಂಪಸ್‌ಗೂ ಪಾಲಿದೆ. ವಯಸ್ಸಿನ ಜೊತೆ ಆ ತಡೆ ಸಡಿಲವಾಗುತ್ತದೆ. ಹಿರಿಯರಲ್ಲಿ ಒತ್ತಡದ ವಿಷಯ ಬೇರೆಯಾಗಿ ಓದಬೇಕಾದದ್ದು ಇದಕ್ಕೇ.

ಈಗ ನನಗೆ ತುಂಬಾ ಹಿಡಿಸಿದ ಭಾಗ. 2006ರಲ್ಲಿ ಸಂಶೋಧಕಿ ಎಮ್ಮಾ ಆಡಮ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. 1935ರಿಂದ 1952ರ ನಡುವೆ ಹುಟ್ಟಿದ 156 ಜನ. ಮೂರು ದಿನ ಅವರು ತಮಗೆ ಅನಿಸಿದ್ದನ್ನು ಡೈರಿಯಲ್ಲಿ ಬರೆದರು, ಜೊತೆಗೆ ಕಾರ್ಟಿಸಾಲ್ ಅಳೆಯಲು ಎಂಜಲಿನ ಮಾದರಿ ಕೊಟ್ಟರು. ಹಿಂದಿನ ದಿನ ಒಂಟಿತನ, ಬೇಸರ, ಕೈಮೀರಿ ಹೋಯಿತು ಅನ್ನುವ ಭಾವನೆ ಜಾಸ್ತಿ ಇದ್ದರೆ, ಮರುದಿನ ಎದ್ದಾಗಿನ ಕಾರ್ಟಿಸಾಲ್ ಏರಿಕೆಯೂ ಜಾಸ್ತಿ. ನಾಳೆಯ ಭಾರ ಹೊರಲು ದೇಹ ಮುಂಚೆಯೇ ಸಜ್ಜಾಗುತ್ತಿದೆ ಅನ್ನುವಂತೆ! ತಿರುಗುಮುರುಗಾಗಿಯೂ ಒಂದು ನಂಟು ಸಿಕ್ಕಿತು: ಎದ್ದ ಕ್ಷಣದ ಕಾರ್ಟಿಸಾಲ್ ಮಟ್ಟ ಕಡಿಮೆ ಇದ್ದ ದಿನ ಸುಸ್ತು ಹೆಚ್ಚು. ಅಂದರೆ ಕಾರ್ಟಿಸಾಲನ್ನು ಸುಮ್ನೆ 'ಹಾನಿ' ಅಂತ ಓದಿದರೆ ತಪ್ಪಾಗುತ್ತದೆ, ಅಲ್ವಾ? ಆದರೆ ಒತ್ತಡದಿಂದ ಇಂಥ ಏರಿಕೆ ದಿನವೂ ನಡೆದರೆ ದೇಹ ಸವೆಯಬಹುದು. ಆ ಸವೆತಕ್ಕೆ ವಿಜ್ಞಾನಿಗಳಾದ ಬ್ರೂಸ್ ಮೆಕ್‌ಎವೆನ್ ಮತ್ತು ಎಲಿಯಟ್ ಸ್ಟೆಲರ್ 1993ರಲ್ಲಿ ಕೊಟ್ಟ ಹೆಸರು ಅಲೋಸ್ಟ್ಯಾಟಿಕ್ ಲೋಡ್.

ಒಂದು ಎಚ್ಚರ. ಒಬ್ಬರೇ ಇರುವುದು ಬೇರೆ, ಒಂಟಿ ಅನಿಸುವುದು ಬೇರೆ. ಮನೆ ತುಂಬ ಜನ ಇದ್ದೂ ಮಾತಾಡಿಸುವವರಿಲ್ಲದ ಅಜ್ಜಿ ಒಂಟಿ. ಒಬ್ಬರೇ ಇದ್ದು, ದಿನಾ ಸಂಜೆ ಗೆಳೆಯನ ಫೋನಿಗೆ ಕಾಯುವ ಅಜ್ಜನಿಗೆ ಹಾಗೆ ಅನಿಸದೇ ಇರಬಹುದು. ಆ ಡೈರಿಗಳು ಕೇಳಿದ್ದು ಅನಿಸಿಕೆಯನ್ನು, ಮನೆಯಲ್ಲಿ ಎಷ್ಟು ತಲೆ ಇದೆ ಅಂತಲ್ಲ.

ಅಳೆಯುವ ರೀತಿಯನ್ನೂ ತಿಳಿದುಕೊಳ್ಳಿ. ಕಣ್ಣು ಬಿಟ್ಟ ಕೂಡಲೇ, ಹಲ್ಲುಜ್ಜುವ ಮೊದಲು, ಏನೂ ತಿನ್ನದೆ ಮೊದಲ ಮಾದರಿ. ಅರ್ಧ ಗಂಟೆಗೆ ಇನ್ನೊಂದು, ಮಲಗುವ ಮುಂಚೆ ಮತ್ತೊಂದು. ಎದ್ದು ಕಾಲು ಗಂಟೆ ಸುಮ್ಮನೆ ಹಾಸಿಗೆಯಲ್ಲೇ ಕಳೆದು ಆಮೇಲೆ ಮೊದಲ ಮಾದರಿ ಕೊಟ್ಟರೆ, ಅಷ್ಟರಲ್ಲೇ ಕಾರ್ಟಿಸಾಲ್ ಏರಲು ಶುರುವಾಗಿರುತ್ತದೆ. ಆಗ ಏರಿಕೆ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ.