ಪೋಷಕರ ರಜೆಯನ್ನು ಒಂದೇ ಸಲ ಮುಗಿಸಬೇಕೇ, ಭಾಗ ಮಾಡಿ ಪಡೆಯಬಹುದೇ?

ಪ್ರಶ್ನೆ: ನಾವಿಬ್ಬರೂ ಉದ್ಯೋಗದಲ್ಲಿದ್ದೇವೆ. ಕೆಲವೇ ತಿಂಗಳಲ್ಲಿ ನಮಗೆ ಮೊದಲ ಮಗುವಾಗಲಿದೆ. ಸಿಗುವ ರಜೆಯನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳುವುದು ಒಳ್ಳೆಯದೇ, ಅಥವಾ ಅದನ್ನು ಇಬ್ಬರೂ ಹಂಚಿಕೊಂಡು, ಸ್ವಲ್ಪ ಕಾಲ ಅರ್ಧ ದಿನ ಮಾತ್ರ ಕೆಲಸ ಮಾಡುವಂತೆ ಹೊಂದಿಸಿಕೊಳ್ಳಬಹುದೇ?

ಉತ್ತರ: ಭಾಗ ಮಾಡಿ ಪಡೆಯಲು ಹಲವು ದೇಶಗಳ ಕಾನೂನಿನಲ್ಲಿ ಅವಕಾಶವಿದೆ. ಆದರೆ ಹಾಗೆ ಭಾಗ ಮಾಡುವ ನಿರ್ಧಾರ ಯಾರ ಕೈಯಲ್ಲಿದೆ, ಭಾಗ ಮಾಡಿದಾಗ ಕೈಗೆ ಬರುವ ಹಣ ಎಷ್ಟು ಎಂಬ ಎರಡು ಸಂಗತಿಗಳು ತಿಳಿಯುವವರೆಗೆ ಯಾವ ಯೋಜನೆಯನ್ನೂ ಅಂತಿಮಗೊಳಿಸುವುದು ಬೇಡ.

ಮೊದಲಿಗೆ ಹೆರಿಗೆ ರಜೆಯನ್ನೂ ಪೋಷಕರ ರಜೆಯನ್ನೂ ಬೇರೆಬೇರೆಯಾಗಿ ನೋಡಬೇಕು. ಕಚೇರಿಗಳ ಕೈಪಿಡಿಗಳು ಇವೆರಡನ್ನೂ ಒಂದೇ ಶೀರ್ಷಿಕೆಯ ಕೆಳಗೆ ಸೇರಿಸಿ ಗೊಂದಲ ಹುಟ್ಟಿಸುವುದುಂಟು. ಹೆರಿಗೆ ರಜೆ ಇರುವುದು ತಾಯಿಯ ದೇಹ ಚೇತರಿಸಿಕೊಳ್ಳಲೆಂದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2000ದಲ್ಲಿ ಅಂಗೀಕರಿಸಿದ 183ನೇ ಒಡಂಬಡಿಕೆಯು, ಅದನ್ನು ಒಪ್ಪಿಕೊಂಡ ದೇಶಗಳಲ್ಲಿ ಈ ರಜೆ ಕನಿಷ್ಠ 14 ವಾರ ಇರಬೇಕೆಂದೂ, ಅದರಲ್ಲಿ ಹೆರಿಗೆಯ ನಂತರದ 6 ವಾರ ಸಾಮಾನ್ಯವಾಗಿ ಕಡ್ಡಾಯವೆಂದೂ ಹೇಳುತ್ತದೆ. ಈ ಭಾಗವನ್ನು ತುಂಡು ಮಾಡುವ ಯೋಚನೆಯೇ ಬೇಡ. ಹಂಚಿಕೆಗೂ ಹೊಂದಾಣಿಕೆಗೂ ಒಳಪಡುವುದು ಮಗುವಿನ ಪಾಲನೆಗೆಂದು ತಾಯಿ ತಂದೆ ಇಬ್ಬರಿಗೂ ಕೊಡುವ ಪೋಷಕರ ರಜೆ ಮಾತ್ರ.

ಈ ರಜೆಯನ್ನು ಎಷ್ಟು ಸಣ್ಣ ಸಣ್ಣ ಪಾಲಾಗಿ ಬಳಸಬಹುದು ಎಂಬುದಕ್ಕೆ ಸ್ವೀಡನ್ನಿನ ವ್ಯವಸ್ಥೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದು ಮಗುವಿಗೆ ಒಟ್ಟು 480 ದಿನಗಳ ಭತ್ಯೆ ಇದ್ದು, 390 ದಿನಗಳಿಗೆ ಆದಾಯಕ್ಕೆ ತಕ್ಕಂತೆಯೂ ಉಳಿದ 90 ದಿನಗಳಿಗೆ ಕಡಿಮೆ ಮೊತ್ತದ ನಿಗದಿತ ದರದಲ್ಲಿಯೂ ಹಣ ಸಿಗುತ್ತದೆ. ಇಡೀ ದಿನವನ್ನಷ್ಟೇ ಅಲ್ಲದೆ ಮುಕ್ಕಾಲು, ಅರ್ಧ, ಕಾಲು ದಿನ, ಕೊನೆಗೆ ದಿನದ ಎಂಟನೇ ಒಂದು ಭಾಗವನ್ನೂ ಪಡೆಯಬಹುದು; ಎಂಟು ಗಂಟೆ ದುಡಿಯುವವರ ಪಾಲಿಗೆ ಅದು ಸರಿಯಾಗಿ ಒಂದು ಗಂಟೆ. ಮಗುವಿಗೆ 12 ವರ್ಷ ತುಂಬುವವರೆಗೆ ದಿನಗಳನ್ನು ಉಳಿಸಿಕೊಳ್ಳಲು ಅನುಮತಿಯಿದೆ, ಆದರೆ ನಾಲ್ಕು ವರ್ಷ ತುಂಬಿದ ಮೇಲೆ 96 ದಿನಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಎಷ್ಟೇ ಉದಾರವಾದ ಕಾನೂನಿನಲ್ಲಿಯೂ ಇಂತಹದೊಂದು ಗಡುವು ಅಡಗಿರುತ್ತದೆ. ನಿಮ್ಮ ನಿಯಮದಲ್ಲಿ ಅದು ಯಾವಾಗ ಮುಗಿಯುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ನಿರ್ಧಾರ ಯಾರದು ಎಂಬ ಸಂಗತಿಗೆ ಬ್ರಿಟನ್ನಿನ ನಿಯಮ ಹೆಚ್ಚು ಪಾಠ ಕಲಿಸುತ್ತದೆ. ಅಲ್ಲಿ 2015ರಿಂದ ಜಾರಿಯಲ್ಲಿರುವ ಹಂಚಿಕೆಯ ರಜೆಯಲ್ಲಿ ದಂಪತಿಗಳು 50 ವಾರಗಳವರೆಗಿನ ರಜೆಯನ್ನೂ 37 ವಾರಗಳವರೆಗಿನ ಭತ್ಯೆಯನ್ನೂ ತಮ್ಮ ನಡುವೆ ಹಂಚಿಕೊಳ್ಳಬಹುದು. ಎಂಟು ವಾರ ಮುಂಚೆ ತಿಳಿಸಬೇಕು, ಮಗು ಬಂದ ಒಂದು ವರ್ಷದೊಳಗೆ ಬಳಸಿ ಮುಗಿಸಬೇಕು. ಅರ್ಹತೆಯಿರುವ ಉದ್ಯೋಗಿ ಕೇಳಿದ ರಜೆ ಸತತವಾಗಿದ್ದರೆ ಮಾಲೀಕರು ಅದನ್ನು ನಿರಾಕರಿಸುವಂತಿಲ್ಲ. ಒಂದೇ ಅರ್ಜಿಯಲ್ಲಿ ಒಂದು ತಿಂಗಳು ರಜೆ, ಒಂದು ತಿಂಗಳು ಕೆಲಸ, ಮತ್ತೆ ರಜೆ ಎಂದು ಬಿಡಿಬಿಡಿಯಾಗಿ ಕೇಳಿದರೆ ಮಾತ್ರ ನಿರಾಕರಿಸಬಹುದು. ಸಾಮಾನ್ಯವಾಗಿ ಮೂರು ಬಾರಿ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಪ್ರತಿಯೊಂದು ಅವಧಿಗೂ ಪ್ರತ್ಯೇಕ ಅರ್ಜಿ ಕೊಟ್ಟವರಿಗೆ ಅದೇ ರಜೆ ಹಕ್ಕಾಗಿ ದೊರೆಯುತ್ತದೆ. ಕೇಳುವ ಕ್ರಮ ಬದಲಾದರೆ ಹಕ್ಕೇ ಬೇಡಿಕೆಯಾಗಿಬಿಡುತ್ತದೆ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದಲ್ಲಿಯೂ ಈ ವ್ಯತ್ಯಾಸವಿದೆ: ತಲಾ ನಾಲ್ಕು ತಿಂಗಳ ರಜೆ ಹಕ್ಕು, ಅದನ್ನು ಭಾಗಶಃ ಅಥವಾ ಬಿಡಿಯಾಗಿ ಪಡೆಯುವುದು ಕೋರಿಕೆ. ಆ ಕೋರಿಕೆಯನ್ನು ಮಾಲೀಕರು ಪರಿಶೀಲಿಸಿ, ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ನಿಮ್ಮ ಸಂಸ್ಥೆಯ ನಿಯಮದಲ್ಲಿ ‘ಪಡೆಯಬಹುದು’ ಎಂದಿದೆಯೋ ‘ಒಪ್ಪಿಗೆಯ ಮೇರೆಗೆ ಪಡೆಯಬಹುದು’ ಎಂದಿದೆಯೋ ಎಂದು ಓದಿ ನೋಡಿ.

ಹಣದ ಲೆಕ್ಕ ಇದಕ್ಕಿಂತ ಸರಳ. ಕೆನಡಾದಲ್ಲಿ ಪೋಷಕರ ಭತ್ಯೆಯನ್ನು ಗಳಿಕೆಯ ಶೇ. 55ರ ದರದಲ್ಲಿ ಕಡಿಮೆ ವಾರಗಳಿಗೆ ಪಡೆಯಬಹುದು, ಅಥವಾ ಶೇ. 33ರ ದರದಲ್ಲಿ ಹೆಚ್ಚು ವಾರಗಳಿಗೆ ಹಿಗ್ಗಿಸಿಕೊಳ್ಳಬಹುದು. ಒಟ್ಟು ಮೊತ್ತದಲ್ಲಿ ದೊಡ್ಡ ಅಂತರವಿಲ್ಲ, ಮತ್ತು ಒಮ್ಮೆ ಭತ್ಯೆ ಪಾವತಿ ಆರಂಭವಾದ ಮೇಲೆ ಆಯ್ಕೆಯನ್ನು ಬದಲಿಸಲಾಗುವುದಿಲ್ಲ. ಜರ್ಮನಿಯು 2015ರಲ್ಲಿ ತಂದ ಪರ್ಯಾಯದಲ್ಲಿ ಒಂದು ತಿಂಗಳ ಪೂರ್ಣ ಭತ್ಯೆಯನ್ನು ಎರಡು ತಿಂಗಳ ಅರ್ಧ ಭತ್ಯೆಯಾಗಿ ಮಾಡಿಕೊಳ್ಳಲು ಸಾಧ್ಯ, ಅದರ ಜೊತೆಗೆ ವಾರಕ್ಕೆ 32 ಗಂಟೆಗಳವರೆಗೆ ಕೆಲಸವನ್ನೂ ಮಾಡಬಹುದು. ಅರೆಕಾಲಿಕ ಕೆಲಸದೊಂದಿಗೆ ರಜೆಯನ್ನು ಬೆರೆಸುವ ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ರೂಪಿಸಲಾಗಿದೆ.

ಇನ್ನು ಇಬ್ಬರೂ ಹಂಚಿಕೊಳ್ಳುವ ಮಾತು. ಹಂಚಿಕೆಯನ್ನು ಸಂಪೂರ್ಣವಾಗಿ ಕುಟುಂಬಕ್ಕೇ ಬಿಟ್ಟರೆ ಅದು ಬಹುಪಾಲು ತಾಯಿಯ ಹೆಗಲಿಗೇ ಬೀಳುತ್ತದೆ. ಸ್ವೀಡನ್ 1974ರಲ್ಲಿಯೇ ಹೆರಿಗೆ ಭತ್ಯೆಯ ಬದಲಿಗೆ ಇಬ್ಬರಿಗೂ ಅನ್ವಯಿಸುವ ಪೋಷಕರ ವಿಮೆಯನ್ನು ತಂದಿತ್ತಾದರೂ, ತಂದೆಯಂದಿರು ತಮ್ಮ ದಿನಗಳನ್ನು ಪತ್ನಿಗೆ ಬಿಟ್ಟುಕೊಡುತ್ತಲೇ ಇದ್ದರು. ನಾರ್ವೆ 1993ರಲ್ಲಿ ನಾಲ್ಕು ವಾರಗಳನ್ನು ತಂದೆಗೆಂದೇ ಮೀಸಲಿಟ್ಟು, ಬಳಸದಿದ್ದರೆ ಅವು ಕುಟುಂಬಕ್ಕೇ ದಕ್ಕುವುದಿಲ್ಲವೆಂದು ಮಾಡಿದ ಮೇಲೆ ರಜೆ ಪಡೆಯುವ ತಂದೆಯಂದಿರ ಸಂಖ್ಯೆ ಬಹಳ ಬೇಗ ಏರಿತು. ಸ್ವೀಡನ್ ಕೂಡ 1995ರಲ್ಲಿ ಒಂದು ತಿಂಗಳನ್ನು ಮೀಸಲಿಟ್ಟು, 2002 ಮತ್ತು 2016ರಲ್ಲಿ ಅದನ್ನು ಹೆಚ್ಚಿಸಿ, ಈಗ ತಲಾ 90 ದಿನಗಳನ್ನು ವರ್ಗಾಯಿಸಲಾಗದಂತೆ ಮಾಡಿದೆ. ಬಳಸದಿದ್ದರೆ ಕೈತಪ್ಪುವ ರಜೆಯನ್ನು ಮೇಲಧಿಕಾರಿಯ ಮುಂದೆ ಕೇಳುವುದು ಸುಲಭ. ಪತ್ನಿಗೆ ಕೊಟ್ಟರೂ ನಡೆಯುತ್ತದೆ ಎಂಬ ರಜೆಯನ್ನು ಕೇಳಲು ಸಂಕೋಚ. ನಿಮ್ಮ ಸಂಸ್ಥೆಯಲ್ಲಿ ಮೀಸಲು ಇಲ್ಲದಿದ್ದರೂ, ತಂದೆಯ ಪಾಲಿನ ದಿನಾಂಕಗಳನ್ನು ಹೆರಿಗೆಗೆ ಮುಂಚೆಯೇ ನಿಗದಿ ಮಾಡಿ ತಿಳಿಸಿಬಿಡುವುದು ಒಳಿತು. ಅದು ತಾಯಿ ಕೆಲಸಕ್ಕೆ ಮರಳಿದ ನಂತರದ ಅವಧಿಯಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮಗುವಿನ ಇಡೀ ದಿನದ ಹೊಣೆ ಆಗ ನಿಜವಾಗಿ ಕೈಬದಲಾಗುತ್ತದೆ.

ಅರ್ಧ ದಿನದ ರಜೆಯ ವಿಷಯದಲ್ಲಿ ನನಗೆ ಸ್ವಲ್ಪ ಅನುಮಾನವಿದೆ. ಕಾಗದದ ಮೇಲೆ ಅದು ಆಕರ್ಷಕವಾಗಿ ಕಾಣುತ್ತದೆ, ಆದರೆ ಗಂಟೆಗಳನ್ನು ಕಡಿಮೆ ಮಾಡುವ ಒಪ್ಪಂದದಲ್ಲಿ ಕೆಲಸವನ್ನು ಕಡಿಮೆ ಮಾಡುವ ಮಾತು ಇರದಿದ್ದರೆ, ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಮಾಡಿ, ಉಳಿದದ್ದನ್ನು ಮಗು ಮಲಗಿದ ಮೇಲೆ ಮುಗಿಸಬೇಕಾಗುತ್ತದೆ. ಹಾಗಾಗಿ ಅರ್ಜಿಯಲ್ಲಿ ಗಂಟೆಗಳ ಜೊತೆಗೆ ಯಾವ ಕೆಲಸ ಯಾರಿಗೆ ಹೋಗುತ್ತದೆ, ಯಾವ ಸಭೆಗಳಿಗೆ ನೀವು ಬರುವುದಿಲ್ಲ, ಪೂರ್ಣಾವಧಿಗೆ ಯಾವ ದಿನಾಂಕದಂದು ಮರಳುತ್ತೀರಿ ಎಂಬುದನ್ನೂ ಬರೆಯಿಸಿಕೊಳ್ಳಿ. ಭತ್ಯೆಯನ್ನು ಇತ್ತೀಚಿನ ಗಳಿಕೆಯ ಆಧಾರದ ಮೇಲೆ ಲೆಕ್ಕ ಹಾಕುವ ಕಡೆಗಳಲ್ಲಿ, ಅರೆಕಾಲಿಕ ಅವಧಿ ದೀರ್ಘವಾದರೆ ಎರಡನೆಯ ಮಗುವಿನ ಹೊತ್ತಿಗೆ ಸಿಗುವ ಮೊತ್ತವೂ ಇಳಿಯಬಹುದು. ನಿವೃತ್ತಿ ವಂತಿಗೆಯ ಮೇಲಿನ ಪರಿಣಾಮವನ್ನೂ ಆಗಲೇ ವಿಚಾರಿಸಿ.

ಇವೆಲ್ಲವನ್ನೂ ಗಮನಿಸಿ ಹೇಳುವುದಾದರೆ, ಮೊದಲ ತಿಂಗಳುಗಳು ತಾಯಿಯ ಸತತ ರಜೆಯಾಗಿಯೂ, ಅದರ ಬೆನ್ನಿಗೇ ಬರುವುದು ತಂದೆಯ ಸತತ ರಜೆಯಾಗಿಯೂ ಇರಲಿ. ಅರ್ಧ ದಿನದ ವ್ಯವಸ್ಥೆಯನ್ನು ಮಗು ಶಿಶುವಿಹಾರಕ್ಕೆ ಹೊಂದಿಕೊಳ್ಳುವ ಕೆಲವು ವಾರಗಳಿಗೆ ಮಾತ್ರ ಇಟ್ಟುಕೊಳ್ಳಿ, ಮತ್ತು ನಿಯಮ ಒಪ್ಪುವುದಾದರೆ ಒಂದಿಷ್ಟು ದಿನಗಳನ್ನು ಖರ್ಚು ಮಾಡದೆ ಉಳಿಸಿ. ಶಿಶುವಿಹಾರಕ್ಕೆ ಸೇರಿದ ಮೊದಲ ವರ್ಷದಲ್ಲಿ ಮಕ್ಕಳಿಗೆ ನೆಗಡಿ, ಜ್ವರ ಪದೇ ಪದೇ ಬರುತ್ತವೆ; ಆ ದಿನಗಳು ಬೇಕಾಗುವುದು ಆಗಲೇ.